ಮೇಜಿನಿಂದ ಇಳಿದ ಕೌದಿ

ಕಳೆದ ವಾರ ನಮ್ಮ ಸೊಸೆ ಊಟದ ಮೇಜಿನ ನಟ್ಟನಡುವೆ, ಈ ತುದಿಯಿಂದ ಆ ತುದಿಗೆ, ಒಂದು ಉದ್ದನೆಯ ಬಟ್ಟೆ ಹಾಸಿದಳು. ಅಗಲ ಗೇಣಿಗಿಂತ ಸ್ವಲ್ಪ ಹೆಚ್ಚು. ಉದ್ದ ಮಾತ್ರ ಮೇಜನ್ನೂ ಮೀರಿ ಎರಡೂ ಕಡೆ ಜೋತುಬಿದ್ದಿತ್ತು. ಬಣ್ಣದ ತುಂಡುಗಳನ್ನು ಜೋಡಿಸಿ, ಒಳಗೆ ತೆಳ್ಳಗೆ ಹತ್ತಿ ಇಟ್ಟು, ಮೇಲೆ ಸಾಲುಸಾಲಾಗಿ ಹೊಲಿದದ್ದು. ಹೊಸ ಬಟ್ಟೆಯ ಗಂಜಿವಾಸನೆ ಇನ್ನೂ ಹೋಗಿರಲಿಲ್ಲ. "ಅಮ್ಮಾ, ಇದು ಟೇಬಲ್ ರನ್ನರ್. ನನ್ನ ಆಫೀಸ್ ಫ್ರೆಂಡ್ ಇದಾಳಲ್ಲ, ಅವಳು ಖುದ್ ಹೊಲಿದು ಕೊಟ್ಟಳು" ಎಂದಳು. ಸೊಸೆ ಹುಟ್ಟಿ ಬೆಳೆದದ್ದು ಇಲ್ಲೇ ಮುಂಬಯಿಯ ಘಾಟ್ಕೋಪರಿನಲ್ಲಿ. ಅವಳ ಕನ್ನಡ ಹಿಂದಿಯ ಕೈ ಹಿಡಿದುಕೊಂಡೇ ನಡೆಯುತ್ತದೆ. ನಾನು ಕನ್ನಡಕ ಏರಿಸಿ ನೋಡಿ, "ಚಂದ ಉಂಟು. ಆದರೆ ಸಾರು ಚೆಲ್ಲಿದರೆ ಎಂತ ಮಾಡುವುದು? ಊಟ ಮಾಡುವ ಜಾಗಕ್ಕೆ ಇದೆಲ್ಲ ಯಾಕೆ?" ಎಂದುಬಿಟ್ಟೆ. ಅವಳು ಬಟ್ಟೆಯನ್ನು ಎರಡು ಮಡಿಕೆ, ಮತ್ತೆ ಎರಡು ಮಡಿಕೆ ಮಾಡಿ ಕಪಾಟಿನಲ್ಲಿಟ್ಟಳು.

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಅದು ಬೇರೆ ಯಾರದೋ ಧ್ವನಿಯಂತೆ ಕೇಳಿಸಿತು. ಯಾರದೆಂದು ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಾಗೆ ಸದ್ದಿಲ್ಲದೆ ಮಡಚಿ ಎತ್ತಿಡುವುದನ್ನು ನಾನು ಹಿಂದೊಮ್ಮೆ ನೋಡಿದ್ದೆ. ಆಗ ಮಡಚಿದವಳು ನನ್ನ ಗೆಳತಿ ನೀಲವ್ವ. ಮಡಚಿಸಿದವರು ಅವಳ ಅತ್ತೆ. ಹೊಲಿದವಳು, ನಗಬೇಡಿ, ನಾನು. ನೀವು ನನ್ನ ಹೊಲಿಗೆಯನ್ನು ನೋಡಿದವರಲ್ಲ, ನಿಮ್ಮ ಪುಣ್ಯ.

ಅರವತ್ತರ ದಶಕದ ಕೊನೆಯ ಮಾತು. ನಾನು ಮದುವೆಯಾಗಿ ಉಡುಪಿಯ ಕಡೆಯಿಂದ ಸಯನ್ನಿನಲ್ಲಿ ಸಾಲು ಕೋಣೆಗಳ ಒಂದು ಚಾಳಿಗೆ ಬಂದೆ. ನಮ್ಮವರು ಅಲ್ಲೇ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಬೆಳಿಗ್ಗೆ ಹೋದರೆ ಹೋಟೆಲು ಮುಚ್ಚಿದ ಮೇಲೆಯೇ ಬರುವುದು. ಬಂದ ಮೇಲೂ ಅವರ ಮೈಗೆಲ್ಲ ಸಾಂಬಾರಿನ ವಾಸನೆ, ತಲೆಯೊಳಗೆಲ್ಲ ನಾಳೆಯ ತರಕಾರಿ. ನನಗೆ ಹಿಂದಿ ಬಾರದು, ಮರಾಠಿ ಬಾರದು. ತುಳು ಮಾತಾಡುವವರು ಹೋಟೆಲಿನಲ್ಲಿ ಹಿಂಡುಹಿಂಡಾಗಿದ್ದರೂ ಅವರೆಲ್ಲ ಗಂಡಸರು. ಆ ದಿನಗಳಲ್ಲಿ ನಾನು ಗ್ಯಾಲರಿಯ ಕಟಕಟೆಗೆ ಆತು ನಿಂತು, ಕೆಳಗೆ ನಲ್ಲಿಯ ಹತ್ತಿರ ಜಗಳವಾಡುವ ಹೆಂಗಸರನ್ನು ನೋಡಿ, ಜಗಳಕ್ಕಾದರೂ ನನಗೊಬ್ಬಳು ಸಿಗಬಾರದೇ ಅಂದುಕೊಳ್ಳುತ್ತಿದ್ದೆ.

ಸಿಕ್ಕಿದವಳು ಪಕ್ಕದ ಖೋಲಿಯ ನೀಲವ್ವ. ಗದಗಿನ ಕಡೆಯವಳು, ನನ್ನದೇ ವಯಸ್ಸು. ಗಂಡ ಈರಣ್ಣ ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಮೊದಮೊದಲು ಅವಳ ಕನ್ನಡ ನನಗೂ ನನ್ನ ಕನ್ನಡ ಅವಳಿಗೂ ಅರ್ಧ ಮಾತ್ರ ತಿಳಿಯುತ್ತಿತ್ತು. "ನೀ ಮಾತಾಡಿದ್ರ ಪುಸ್ತಕಾ ಓದಿಧಂಗ ಆಗತೈತಿ ನೋಡಕ್ಕಾ" ಅನ್ನುತ್ತಿದ್ದಳು. ತಾನೇ ನನಗಿಂತ ನಾಲ್ಕು ತಿಂಗಳು ದೊಡ್ಡವಳೆಂದು ಗೊತ್ತಾದ ಮೇಲೂ ಅಕ್ಕಾ ಅನ್ನುವುದನ್ನು ಬಿಡಲಿಲ್ಲ.

ಮಧ್ಯಾಹ್ನ ಕೆಲಸ ಮುಗಿದರೆ ಅವಳು ಗ್ಯಾಲರಿಯಲ್ಲಿ ಕೌದಿ ಹರವಿಕೊಂಡು ಕೂರುವಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಹರಿದ ಕುಪ್ಪಸ, ಲಂಗ, ಅಂಗಿಗಳಿಂದ ಕತ್ತರಿಸಿದ ತುಂಡುಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಹೊಲಿಯುತ್ತಾ ಹೋಗುವುದು. ಹೊಲಿಯುತ್ತಿರುವ ಕೌದಿಯ ಮೇಲೆಯೇ ಕೂರಬೇಕು. ಇಲ್ಲದಿದ್ದರೆ ಪದರಗಳು ಸರಿದುಹೋಗುತ್ತವೆ. "ಬಾ ಅಕ್ಕಾ, ಕೂಡು. ನಿನ್ನ ಭಾರ ಬೇಕಾಗೈತಿ" ಎಂದು ನನ್ನನ್ನು ಪಕ್ಕಕ್ಕೆ ಕರೆಯುತ್ತಿದ್ದಳು. ಮುಂಬಯಿಯಲ್ಲಿ ನಾನು ಯಾರಿಗಾದರೂ ಬೇಕಾದದ್ದು ಅದೇ ಮೊದಲು, ಅದೂ ಕಲ್ಲಿನ ಬದಲಿಗೆ! ಆದರೂ ಹೋಗಿ ಕೂರುತ್ತಿದ್ದೆ. ಭುಜಕ್ಕೆ ಭುಜ ತಾಗಿಸಿ, ಇಬ್ಬರೂ ಒಂದೇ ಕಡೆಗೆ ಮುಖಮಾಡಿ ಕೂತು ಸಂಜೆಯವರೆಗೆ ಮಾತು. ಎದುರೆದುರು ಕೂತಾಗ ಹೇಳಲಾಗದ ಎಷ್ಟೋ ಸಂಗತಿಗಳನ್ನು ಹಾಗೆ ಪಕ್ಕದಲ್ಲಿ ಕೂತಾಗ ಹೇಳಿಬಿಡಬಹುದು. ನನಗೆ ಮೊದಲ ಬಸಿರು ನಿಲ್ಲದೆ ಹೋದದ್ದನ್ನು ನಾನು ಅಮ್ಮನಿಗೆ ಹೇಳುವ ಮೊದಲು ಅವಳಿಗೆ ಹೇಳಿದ್ದು ಆ ಕೌದಿಯ ಮೇಲೆ ಕೂತೇ. ಅವಳು ಸೂಜಿ ಚುಚ್ಚಿಟ್ಟು ನನ್ನ ಕೈ ಹಿಡಿದುಕೊಂಡಳು.

ಅವಳಿಂದ ನಾನೂ ಸೂಜಿ ಹಿಡಿಯಲು ಕಲಿತೆ. ಕಲಿತೆ ಎಂದರೆ, ಅವಳ ಸಾಲು ಇರುವೆಯ ಸಾಲಿನ ಹಾಗೆ ಹೋದರೆ ನನ್ನದು ದಾರಿಯಲ್ಲಿ ಯಾರನ್ನೋ ಮಾತಾಡಿಸಲು ಹೋಗಿ ತಡವಾಗಿ ವಾಪಸು ಬರುತ್ತಿತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ನೀಲವ್ವ ಒಂದು ಕೆಲಸ ಮಾಡುತ್ತಿದ್ದಳು. ಆ ಮೂಲೆಯಲ್ಲಿ ಸಣ್ಣ ಬಾಯಿ ಉಳಿಸಿ, ಒಳಗೆ ನಾಲ್ಕು ಕಾಳು ಜೋಳ ಹಾಕಿ, ಆಮೇಲೆ ಹೊಲಿಯುವಳು. "ಎಂತಕ್ಕೆ ಮಾರಾಯ್ತಿ ಇದು?" ಎಂದು ಕೇಳಿದರೆ, "ಉಣಸೂದು ಅಕ್ಕಾ. ನಮ್ಮ ಮನ್ಯಾಗ ಹಂಗ ಮಾಡತಾರ. ತಾನ ಹಸದ ಕೌದಿ ಮಂದಿಗೆ ಏನ ಬೆಚ್ಚಗ ಮಾಡೀತು?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಕೆಲ ವರ್ಷಗಳ ಮೇಲೆ, ಆಗ ನನಗೊಬ್ಬ ಮಗ, ಅವಳಿಗೊಬ್ಬಳು ಮಗಳು, ಈರಣ್ಣನಿಗೆ ಭಾಂಡುಪಿನಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕಿತು. ಎರಡು ಕೋಣೆ, ಬೇರೆ ಅಡಿಗೆಮನೆ, ಮನೆಯೊಳಗೇ ನಲ್ಲಿ. ಚಾಳಿಗೆ ಚಾಳೇ ಸಂಭ್ರಮಪಟ್ಟಿತು. ನಾನೂ ಸಂಭ್ರಮಪಟ್ಟೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಸಯನ್ನಿನಿಂದ ಭಾಂಡುಪಿಗೆ ಲೋಕಲಿನಲ್ಲಿ ಅರ್ಧ ಗಂಟೆಯೂ ಇಲ್ಲ ಎಂದು ನಮ್ಮವರು ಸಮಾಧಾನ ಹೇಳಿದರು. ಗೋಡೆಯಾಚೆಯಿಂದ "ಅಕ್ಕಾ, ಚಾ ಇಟ್ಟೀನಿ" ಎನ್ನುವವಳು ಅರ್ಧ ಗಂಟೆ ದೂರ ಹೋದರೆ ಅದೆಷ್ಟು ದೂರ ಎಂದು ಗಲ್ಲಾದ ಮೇಲೆ ಕೂತವರಿಗೆ ಹೇಗೆ ತಿಳಿಯಬೇಕು?

ಹೋಗಿ ತಿಂಗಳಾಗುವಷ್ಟರಲ್ಲಿ ನೀಲವ್ವ ಒಂದು ಮಧ್ಯಾಹ್ನ ಬಂದಳು. ಯಾರೋ ಸಾಹೇಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಊಟದ ಮೇಜು ತನ್ನ ಮನೆಗೆ ಬಂದಿದೆ ಎಂದು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯೂ ಇತ್ತು, ಪೇಚೂ ಇತ್ತು. "ಉದ್ದಕ ಐತಿ ಅಕ್ಕಾ, ಹಂಗ ಮಿಂಚತೈತಿ. ಆದ್ರ ನಟ್ಟನಡುವ ಇಸ್ತ್ರಿ ಸುಟ್ಟ ಕಲಿ. ಯಾರರ ಬಂದ್ರ ಮೊದಲ ಅದನ್ನ ನೋಡ್ತಾರ. ಮುಂದಿನ ತಿಂಗಳ ಅತ್ತಿ ಬ್ಯಾರೆ ಬರಾಕತ್ತಾಳ, ಇಲ್ಲೇ ಇರ್ತಾಳಂತ." ಅವಳಿಗೆ ಅತ್ತೆಯ ಭಯ. ನನಗೆ ಮೇಜಿನ ಭಯ. ಮೇಜು ಎಂದರೆ ಕುರ್ಚಿ. ಕುರ್ಚಿ ಎಂದರೆ ಎದುರೆದುರು ಕೂರುವುದು. ಎದುರು ಕೂತವರು ನೆಂಟರು. ನಾನು ಇನ್ನು ಅವಳ ಮನೆಗೆ ನೆಂಟಳಾಗಿ ಹೋಗಬೇಕು, ಅವಳು ಬಡಿಸಬೇಕು, ನಾನು ಸಾಕು ಸಾಕು ಅನ್ನಬೇಕು.

ಆಗ ನನಗೊಂದು ಉಪಾಯ ಹೊಳೆಯಿತು. ದಾದರಿನಲ್ಲಿ ನಾನು ಹೋಗುತ್ತಿದ್ದ ಪಾರ್ಸಿ ಡಾಕ್ಟರಮ್ಮನ ಮನೆಯ ಮೇಜಿನ ಮೇಲೆ ಇಂಥದೇ ಉದ್ದನೆಯ ಬಟ್ಟೆ ನೋಡಿದ್ದೆ. ಅದಕ್ಕೆ ರನ್ನರ್ ಅನ್ನುತ್ತಾರೆಂದು ಆಕೆಯೇ ಹೇಳಿದ್ದರು. ಅಂಥದನ್ನು ಕೌದಿಯ ಹೊಲಿಗೆಯಲ್ಲಿ ನಾನೇ ಮಾಡಿ ಕೊಟ್ಟರೆ? ಕಲೆಯೂ ಮುಚ್ಚುತ್ತದೆ, ಅವಳ ಮೇಜಿನ ಮೇಲೆ ದಿನಾ ನಮ್ಮ ಗ್ಯಾಲರಿಯೂ ಇರುತ್ತದೆ. ಎಷ್ಟು ಹಿಗ್ಗಿದೆನೆಂದರೆ ಆ ದಿನ ಸಾರಿಗೆ ಉಪ್ಪೇ ಹಾಕಲಿಲ್ಲ.

ಆದರೆ ಕೌದಿಗೆ ಹಳೆಯ ಬಟ್ಟೆ ಬೇಕಲ್ಲ! ನನ್ನ ಹಳೆಯ ಸೀರೆಗಳೆಲ್ಲ ಆಗಲೇ ಸ್ಟೀಲ್ ಡಬ್ಬಗಳಾಗಿ ಶೆಲ್ಫಿನ ಮೇಲೆ ಕೂತಿದ್ದವು. ಮುಂಬಯಿಯಲ್ಲಿ ಬುಟ್ಟಿ ತುಂಬ ಪಾತ್ರೆ ಹೊತ್ತು ಭಾಂಡಿವಾಲಿ ಬರುತ್ತಾಳೆ. ಹಳೆಯ ಬಟ್ಟೆ ಕೊಟ್ಟರೆ ಪಾತ್ರೆ ಕೊಡುತ್ತಾಳೆ. ಅವಳು ಚಾಳಿಗೆ ಬಂದ ದಿನ ನೀಲವ್ವ ಬಾಗಿಲು ಹಾಕಿಕೊಳ್ಳುವಳು, ನಾನು ಬಾಗಿಲು ತೆರೆದು ಮೆಟ್ಟಿಲವರೆಗೆ ಓಡುತ್ತಿದ್ದೆ. ಹೊಸ ಬಟ್ಟೆ ತಂದು ಮಾಡೋಣವೆಂದರೆ, ಪದರ ಪದರದ ಹೊಸ ಬಟ್ಟೆಯಲ್ಲಿ ಸೂಜಿ ಇಳಿಯುವುದಿಲ್ಲ. ಒಗೆದೂ ಒಗೆದೂ ಮೆತ್ತಗಾದ ಬಟ್ಟೆಯೇ ಆಗಬೇಕು. ನಮ್ಮವರ ಎರಡು ಪಂಚೆ, ಮಗನ ಚಡ್ಡಿ, ಒಂದು ದಿಂಬಿನ ಚೀಲ ಕೂಡಿಹಾಕಿದೆ. ಸಾಲಲಿಲ್ಲ. ಕೊನೆಗೆ, ಇನ್ನೂ ಉಡುತ್ತಿದ್ದ ಗಿಣಿಹಸುರಿನ ವಾಯಿಲ್ ಸೀರೆಯನ್ನೇ ಹೊರತೆಗೆದೆ. ನಾನೂ ನೀಲವ್ವನೂ ಮಾಟುಂಗದ ಅಂಗಡಿಯಲ್ಲಿ ಒಂದೇ ದಿನ ಜೋಡಿ ತೆಗೆದುಕೊಂಡ ಸೀರೆ. ಇಬ್ಬರೂ ಒಟ್ಟಿಗೆ ಉಟ್ಟು ಹೊರಟರೆ ಅಕ್ಕತಂಗಿಯರೇ ಎಂದು ಬಸ್ಸಿನಲ್ಲಿ ಕೇಳುತ್ತಿದ್ದರು. ಕತ್ತರಿ ಹಾಕುವಾಗ ಕೈ ಒಂದು ಸಲ ಹಿಂಜರಿಯಿತು. ಹಾಕಿದೆ.

ಮಗ ಮಲಗಿದ ಮಧ್ಯಾಹ್ನಗಳಲ್ಲಿ ಒಬ್ಬಳೇ ಕೂತು ಹೊಲಿದೆ. ಗ್ಯಾಲರಿಯಲ್ಲಿ ಪಕ್ಕದ ಜಾಗ ಖಾಲಿ. ಪದರ ಸರಿಯದಂತೆ ಆ ಕಡೆಗೆ ಅಕ್ಕಿಯ ಡಬ್ಬ ಇಟ್ಟುಕೊಂಡಿದ್ದೆ. ಡಬ್ಬದ ಜೊತೆ ಎಷ್ಟು ಮಾತಾಡಲಾದೀತು? ಬೆರಳಿಗೆ ಸೂಜಿ ಚುಚ್ಚಿಸಿಕೊಂಡೆ, ಬಿಚ್ಚಿದೆ, ಮತ್ತೆ ಹೊಲಿದೆ. ಕೊನೆಯ ಮೂಲೆಗೆ ಬಂದಾಗ ಉಣಿಸುವ ಮಾತು ನೆನಪಾಯಿತು. ಇದು ಊಟದ ಮೇಜಿನ ಮೇಲೇ ಇರುವಂಥದು, ದಿನಾ ಎರಡು ಹೊತ್ತು ಇದರ ಮೇಲೆಯೇ ಊಟ ನಡೆಯುವಾಗ ಇದಕ್ಕೆ ಬೇರೆ ಉಣಿಸುವುದೇನು ಎಂದು ತರ್ಕ ಮಾಡಿ ಹಾಗೆಯೇ ಮುಚ್ಚಿದೆ. ನಾನು ತರ್ಕ ಮಾಡಿದಾಗಲೆಲ್ಲ ಹೀಗೇ ಆಗುವುದು.

ನೀಲವ್ವನ ಅತ್ತೆ ಬಂದ ಮೇಲಿನ ಭಾನುವಾರ ಅವಳ ಮನೆಯವರು ನಮ್ಮನ್ನು ಊಟಕ್ಕೆ ಕರೆದರು. ನಾನು ಪೊಟ್ಟಣ ಬಿಚ್ಚಿ ರನ್ನರನ್ನು ಮೇಜಿನ ಮೇಲೆ ಹಾಸಿದಾಗ ನೀಲವ್ವ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಹಸುರು ತುಂಡಿನ ಮೇಲೆ ಬೆರಳಾಡಿಸಿ, "ಇದು ನಮ್ಮ ಜೋಡಿ ಸೀರಿ ಅಲ್ಲಬೇ? ಹರದಿಯೇನ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಕಲೆ ಮುಚ್ಚಿತು. ಗಂಗಾಳಗಳು ಬಂದವು, ಜೋಳದ ರೊಟ್ಟಿ ಬಂತು, ಎಣ್ಣೆಗಾಯಿ ಬಂತು. ಈರಣ್ಣ ತಾಯಿಯನ್ನು ಕೈಹಿಡಿದು ಕರೆತಂದ. ಗೌರವ್ವ ಎಂದು ಹೆಸರು. ಎತ್ತರದ, ಗಟ್ಟಿ ಮೈಕಟ್ಟಿನ ಹೆಂಗಸು. ಕುರ್ಚಿಯ ಮೇಲೆ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕೂತರು. ಕೈ ಮುಂದೆ ಚಾಚಿದವರು ಬಟ್ಟೆಯನ್ನು ಮುಟ್ಟಿ, ಬೆರಳಿನಿಂದ ಹೊಲಿಗೆಯ ಸಾಲು ತಡವಿದರು.

"ಇದು ಕೌದಿ ಅಲ್ಲೇನ?"

"ಹೌದ್ರಿ ಅತ್ತಿ. ಅಕ್ಕಾ ಹೊಲದಾಳ" ಎಂದು ನೀಲವ್ವ ಹಿಗ್ಗಿನಿಂದ ಹೇಳಿದಳು.

"ಕೌದಿ ಮ್ಯಾಲೆ ಗಂಗಾಳ ಇಡ್ತಾರೇನ? ಕೌದಿ ಮ್ಯಾಲೆ ಮಲಗ್ತಾರ, ಹಡೀತಾರ, ಕೂಸು ಉಚ್ಚಿ ಹೊಯ್ತಾವ. ಉಣ್ಣೂ ಜಾಗಾಕ ಹಾಸಿಗಿ ತಂದ ಹಾಸೀರಲ್ಲ!"

ಹೇಳಿ, ಕುರ್ಚಿಯಿಂದ ಇಳಿದು, ತಮ್ಮ ಗಂಗಾಳ ಎತ್ತಿಕೊಂಡು ಗೋಡೆಯ ಪಕ್ಕ ನೆಲಕ್ಕೆ ಕೂತರು. ನೀಲವ್ವ ನನ್ನ ಮುಖ ನೋಡಲಿಲ್ಲ. ಗಂಗಾಳಗಳನ್ನೆತ್ತಿ, ರನ್ನರನ್ನು ಎರಡು ಮಡಿಕೆ, ಮತ್ತೆ ಎರಡು ಮಡಿಕೆ ಮಾಡಿ ಒಳಗೆ ಒಯ್ದಳು. ಕಲೆ ಮತ್ತೆ ಕಾಣಿಸಿತು. ಅದರ ಮೇಲೆ ಸಾರಿನ ಪಾತ್ರೆ ಇಟ್ಟು ಮುಚ್ಚಿದಳು.

ನಿಜ ಹೇಳಬೇಕೆಂದರೆ ಮುದುಕಿಯ ಮಾತು ತಪ್ಪಲ್ಲ. ಹಾಸಿಗೆಯ ಬಟ್ಟೆಯನ್ನು ನಮ್ಮಲ್ಲೂ ಊಟದ ಹತ್ತಿರ ತರುವುದಿಲ್ಲ. ಕೌದಿಯನ್ನು ನಾನು ಬಣ್ಣದ ಬಟ್ಟೆ ಎಂದು ಕಂಡಿದ್ದೆ, ಅವರು ಹಾಸಿಗೆ ಎಂದು ಕಂಡರು. ಇದೆಲ್ಲ ಈಗಿನ ಬುದ್ಧಿ. ಆಗ ನನಗೆ ಕಂಡದ್ದು ಒಂದೇ: ಆ ಮನೆಯಲ್ಲಿ ಈಗ ಅತ್ತೆ ಇದ್ದಾರೆ, ಮೇಜು ಇದೆ, ಕೋಣೆಗಳಿವೆ, ನನ್ನ ಗೆಳತಿಯ ಪಕ್ಕದಲ್ಲಿ ನನಗೆ ಕೂರಲು ಜಾಗವಿಲ್ಲ. ವಾಪಸು ಬರುವಾಗ ಲೋಕಲಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ನಮ್ಮವರು ವಿಕ್ರೋಲಿ ದಾಟಿದ ಮೇಲೆ, "ಎಣ್ಣೆಗಾಯಿ ಬಹಳ ಒಳ್ಳೆದಿತ್ತು ಮಾರಾಯ್ತಿ" ಎಂದರು.

ಆಮೇಲೆ ನಾನು ಭಾಂಡುಪಿಗೆ ಹೋಗಲಿಲ್ಲ. ನೀಲವ್ವ ಎರಡು ಸಲ ಹೇಳಿಕಳಿಸಿದಳು. ಒಮ್ಮೆ ಮಗನಿಗೆ ಜ್ವರ ಎಂದೆ, ಒಮ್ಮೆ ಊರಿಂದ ನೆಂಟರು ಎಂದೆ. ಒಂದು ಸಲ ಅವಳೇ ಬಂದಾಗ ನಾನು ಮನೆಯಲ್ಲಿರಲಿಲ್ಲ. ಪಕ್ಕದವರಲ್ಲಿ ಶೇಂಗಾ ಚಟ್ನಿಯ ಡಬ್ಬ ಬಿಟ್ಟುಹೋಗಿದ್ದಳು. ಚಟ್ನಿ ತಿಂದೆ, ಸಿಟ್ಟು ಬಿಡಲಿಲ್ಲ. ಸಿಟ್ಟು ಎನ್ನುವುದಕ್ಕಿಂತ ಅದು ಹೆದರಿಕೆ. ಹೋಗಿ ನೋಡಿದರೆ ನನ್ನ ಕೈಕೆಲಸ ಒರೆಸುವ ಬಟ್ಟೆಯಾಗಿದ್ದರೆ? ನಾನಿಲ್ಲದೆ ಅವಳು ಆರಾಮಾಗಿದ್ದರೆ? ಹೋಗದೆ ಇದ್ದರೆ ಅದೊಂದು ಗೊತ್ತಾಗುವುದಿಲ್ಲವಲ್ಲ.

ಮುಂಬಯಿಯ ಮಳೆಗೆ ಇಂಥ ನಾಜೂಕುಗಳ ಪರಿವೆಯಿಲ್ಲ. ಆ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮುಲುಂಡಿನಲ್ಲಿದ್ದ ನನ್ನ ಚಿಕ್ಕಮ್ಮನನ್ನು ನೋಡಿ ಸಯನ್ನಿಗೆ ಹೊರಟವಳು ನಾನು. ಗಾಡಿ ಭಾಂಡುಪಿಗೆ ಬಂದು ನಿಂತದ್ದು ನಿಂತೇಬಿಟ್ಟಿತು. ಮುಂದೆ ಹಳಿಯ ಮೇಲೆ ನೀರು, ಗಾಡಿ ಹೋಗುವುದಿಲ್ಲ ಎಂದರು. ಜನ ಇಳಿದರು, ನಾನೂ ಇಳಿದೆ. ಯಾವ ಸ್ಟೇಷನ್ನಿನಲ್ಲಿ ಬೇಕಾದರೂ ನಿಲ್ಲಬಹುದಿತ್ತು ಆ ಗಾಡಿ! ಸ್ವಲ್ಪ ಹೊತ್ತು ಪ್ಲಾಟ್‌ಫಾರ್ಮಿನ ಮೇಲೆ ಬಿಗುಮಾನದಿಂದ ನಿಂತೆ. ಬಿಗುಮಾನ ತಲೆಯಿಂದ ಕಾಲಿನವರೆಗೆ ನೆನೆಯಿತು. ಮಗನನ್ನು ಪಕ್ಕದವರಲ್ಲಿ ಬಿಟ್ಟು ಬಂದದ್ದೊಂದೇ ಸಮಾಧಾನ. ಕೊನೆಗೆ ಮೊಣಕಾಲಿನ ನೀರಿನಲ್ಲಿ ಸೀರೆ ಎತ್ತಿಹಿಡಿದು ಕ್ವಾರ್ಟರ್ಸಿನ ದಾರಿ ಹಿಡಿದೆ.

ಬಾಗಿಲು ತೆರೆದೇ ಇತ್ತು. ಊಟದ ಹೊತ್ತು. ಮೇಜನ್ನು ಗೋಡೆಗೆ ತಳ್ಳಿ, ಅದರ ಮೇಲೆ ರೇಡಿಯೋ, ಡಬ್ಬಗಳು, ಇಸ್ತ್ರಿಗೆ ಕಾದಿರುವ ಬಟ್ಟೆಗಳನ್ನು ಪೇರಿಸಿದ್ದರು. ಸುಟ್ಟ ಕಲೆ ಎಲ್ಲಿತ್ತೋ ದೇವರಿಗೇ ಗೊತ್ತು. ಎದುರು ಗೋಡೆಯ ಉದ್ದಕ್ಕೆ ನೆಲದ ಮೇಲೆ ನನ್ನ ರನ್ನರ್ ಹಾಸಿತ್ತು. ಅದರ ಆ ತುದಿಯಲ್ಲಿ ಗೌರವ್ವ, ನಡುವೆ ನೀಲವ್ವ, ಗಂಗಾಳಗಳನ್ನು ಮುಂದಿಟ್ಟುಕೊಂಡು ಉಣ್ಣುತ್ತಿದ್ದರು. ನಾನು ಬೆರಳು ಚುಚ್ಚಿಸಿಕೊಂಡು ಹೊಲಿದದ್ದರ ಮೇಲೆ ಇಬ್ಬರೂ ಆರಾಮಾಗಿ ಕೂತಿದ್ದರು! ತಿರುಗಿ ಹೋಗಿಬಿಡುತ್ತಿದ್ದೆನೇನೋ, ಗೌರವ್ವ ನನ್ನನ್ನು ನೋಡಿದರು.

"ಬಂದಳ ನೋಡ ಉಡುಪಿಯಾಕಿ. ಬಾ, ನಿನ್ನ ಜಾಗಾ ಖಾಲೀನ ಐತಿ" ಎಂದರು, ನಾನು ನಿನ್ನೆಯಷ್ಟೇ ಬಂದುಹೋದವಳು ಎನ್ನುವ ಹಾಗೆ. ಎಡಗೈಯಿಂದ ಈ ತುದಿಯನ್ನು ತೋರಿಸಿದರು.

ನೀಲವ್ವ ಎಂಜಲು ಕೈಯಲ್ಲೇ ಎದ್ದು ಬಂದು ನನ್ನನ್ನು ಹಿಡಿದುಕೊಂಡಳು. "ಎಷ್ಟ ತೊಯ್ದೀಯಬೇ!" ಎಂದು ಒಳಗೆ ಕರೆದೊಯ್ದು ಒಣ ಸೀರೆ ಕೊಟ್ಟಳು. ಆ ಗಿಣಿಹಸುರಿನದೇ, ಅವಳ ಪಾಲಿನದು. ಉಟ್ಟು ಬಂದು, ಇನ್ನೂ ಮುಖ ಬಿಗಿದುಕೊಂಡೇ, ತೋರಿಸಿದ ಜಾಗದಲ್ಲಿ ಕೂತೆ. ಬಿಸಿ ರೊಟ್ಟಿ ಬಂತು. ಭುಜಕ್ಕೆ ನೀಲವ್ವನ ಭುಜ ತಾಗಿತು. ಮೂವರೂ ಒಂದೇ ಕಡೆಗೆ ಮುಖಮಾಡಿ ಕೂತಿದ್ದೆವು. ಎದುರು ಮೇಜು, ಅದರ ಮೇಲೆ ರೇಡಿಯೋ.

"ಅವತ್ತ ನಾ ಬೈದದ್ದು ಮೇಜಿಗೆ" ಎಂದರು ಗೌರವ್ವ ರೊಟ್ಟಿ ಮುರಿಯುತ್ತ. "ನೀ ಯಾಕ ನಿನ್ನ ಮೈಮ್ಯಾಲೆ ತಗೊಂಡಿ? ಕೌದಿ ಅಂದ್ರ ಮಂದಿ ಕೂಡಬೇಕು ಅದರ ಮ್ಯಾಲೆ. ಗಂಗಾಳ ಕೂಡಿಸಿದ್ರ ಅದಕ್ಕೇನ ಸುಖ? ಮತ್ತ ಅದನ್ನ ಹಸದ ಇಟ್ಟಿದ್ದಿ. ನಾನ ಮೂಲಿ ಬಿಚ್ಚಿ, ನಾಕ ಕಾಳ ಜ್ವಾಳ ಹಾಕಿ ಹೊಲದೀನಿ."

ನೋಡಿದೆ. ನನ್ನ ಕಡೆಯ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ, ನನ್ನದಕ್ಕಿಂತ ನೇರವಾಗಿತ್ತು. ಬಟ್ಟೆಯನ್ನು ಹಿಸುಕಿದರೆ ಕಾಳು ಸಿಕ್ಕವು. ಆದರೆ ನಾನು ಹೇಳಬೇಕೆಂದಿದ್ದ ಮಾತು ಇದಲ್ಲ. ಊಟ ಮುಗಿದು, ಗಂಗಾಳಗಳೆದ್ದು, ಕೊಡವುವುದಕ್ಕೆಂದು ನೀಲವ್ವ ರನ್ನರನ್ನು ಎತ್ತಿ ಹಿಡಿದಳಲ್ಲ, ಆಗ ಕಂಡಿತು. ಆ ತುದಿ ಮತ್ತು ನಡುಭಾಗ ಕೂತೂ ಕೂತೂ ಮಾಸಿದ್ದವು, ಅಲ್ಲಲ್ಲಿ ಅರಿಸಿನದ ಕಲೆ, ಎಣ್ಣೆಯ ಪಸೆ. ಈ ತುದಿ, ಈಗಷ್ಟೇ ನಾನು ಕೂತೆದ್ದ ತುದಿ, ಪೊಟ್ಟಣದಿಂದ ಬಿಚ್ಚಿದ ದಿನದಂತೆಯೇ ಇತ್ತು. ಹಸುರು ಹಸುರಾಗೇ ಇತ್ತು.

"ಇದ್ಯಾಕೆ ನೀಲಾ ಹೀಗೆ?" ಎಂದೆ.

"ನಾವ ಇಬ್ಬರ ಇರ್ತೀವಿ ಅಂತ ನಾ ಮಡಚಿ ಹಾಸಾಕ ಹೋದ್ರ ಅತ್ತಿ ಬಿಡಂಗಿಲ್ಲ. 'ಹರವಿ ಹಾಸು, ಆಕಿ ಬರ್ತಾಳ' ಅಂತಾಳ. ನನ್ನ ಮಗಳ ಅಲ್ಲಿ ಕೂಡಾಕ ಬಂದ್ರೂ ಎಬ್ಬಸ್ತಾಳ."

ನನಗೆ ಅಳು ತಡೆಯಲಾಗಲಿಲ್ಲ. ದೊಡ್ಡ ಹೆಂಗಸು, ಒಂದು ಮಗುವಿನ ತಾಯಿ, ಇನ್ನೊಬ್ಬರ ಮನೆಯಲ್ಲಿ, ಇನ್ನೊಬ್ಬರ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆ. ಹೋಗದೆ ಉಳಿದ ಆ ಎಲ್ಲ ದಿನಗಳಲ್ಲಿ, ನನಗೆ ಜಾಗವಿಲ್ಲವೆಂದು ನಾನು ಮುನಿಸಿಕೊಂಡು ಕೂತ ಅಷ್ಟೂ ಊಟದ ಹೊತ್ತಿನಲ್ಲಿ, ನನ್ನ ಜಾಗ ಹಾಸಿಯೇ ಇತ್ತು. ಗೌರವ್ವ ಗಾಬರಿಯಾಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ, "ನಾನೂ ಊರ ಬಿಟ್ಟ ಬಂದಾಕಿ. ಈ ಊರಾಗ ನನಗ ಯಾರ ಅದಾರ? ಜೋಡಿ ಕುಂತ ಉಣ್ಣಾಕ ಒಬ್ಬಾಕಿ ಹೆಚ್ಚಿಗಿ ಇರ್ಲಿ ಅಂದೆ" ಎಂದರು. ಅವರಿಗೂ ಒಂಟಿತನವೆಂಬುದಿರಬಹುದೆಂದು ಆವರೆಗೆ ನನಗೆ ಹೊಳೆದೇ ಇರಲಿಲ್ಲ.

ಅಂದಿನಿಂದ ತಿಂಗಳಿಗೆ ಎರಡು ಮೂರು ಮಧ್ಯಾಹ್ನ ನನ್ನ ಊಟ ಭಾಂಡುಪಿನಲ್ಲಿ. ನನ್ನ ಎರಡನೆಯ ಮಗುವಿನ ಬಸಿರಿನ ಬಯಕೆಗೆ ಗೌರವ್ವ ಮಾಡಿದ ಹುರಕ್ಕಿ ಹೋಳಿಗೆಯನ್ನು ನನ್ನ ತುದಿಯಲ್ಲಿ ಕೂತೇ ತಿಂದೆ. ಎಷ್ಟು ತಿಂದೆನೆಂದು ಕೇಳಬೇಡಿ.

ಇಲ್ಲಿಯವರೆಗೆ ಬರೆದು ನಾನು ಪೆನ್ನು ಕೆಳಗಿಟ್ಟೆ. ಒಂದು ಸಂಶಯ ಬಂತು: ನನ್ನ ತುದಿ ಬಾಗಿಲ ಕಡೆಯದೋ, ಅಡಿಗೆಮನೆಯ ಕಡೆಯದೋ? ಫೋನು ಮಾಡಿ ಕೇಳಬಹುದಿತ್ತು. ಯಾಕೋ ಹೋಗಿಬಿಡೋಣ ಅನ್ನಿಸಿತು. ಮಗ ರಜೆಯಲ್ಲಿದ್ದ, ನೂಕುನುಗ್ಗಲಿಲ್ಲದ ಹೊತ್ತು ನೋಡಿ ಘಾಟ್ಕೋಪರಿನಿಂದ ಸ್ಲೋ ಲೋಕಲಿನಲ್ಲಿ ಕರೆದೊಯ್ದ. ಕ್ವಾರ್ಟರ್ಸ್ ಬಿಟ್ಟ ಮೇಲೆ ನೀಲವ್ವನವರು ಅಲ್ಲೇ ಹತ್ತಿರದ ಬಿಲ್ಡಿಂಗಿನಲ್ಲಿ ಮನೆ ಮಾಡಿದ್ದಾರೆ. ಗೌರವ್ವ ಹೋಗಿ ಬಹಳ ವರ್ಷವಾಯಿತು. ನಮ್ಮಿಬ್ಬರಿಗೂ ಈಗ ನೆಲಕ್ಕೆ ಕೂರಲಾಗುವುದಿಲ್ಲ. ಕೂತರೆ ಏಳಿಸಲು ಬಿಲ್ಡಿಂಗಿನ ಅರ್ಧ ಜನ ಬೇಕು. ಅದಕ್ಕೆ ರನ್ನರನ್ನು ಈಗ ದಿವಾನಿನ ಮೇಲೆ ಹಾಸಿದ್ದಾಳೆ, ಪೂರ್ತಿ ಹರವಿ.

"ನಾನು ಯಾವ ತುದಿಯಲ್ಲಿ ಕೂರುತ್ತಿದ್ದೆ ಮಾರಾಯ್ತಿ?" ಎಂದು ಕೇಳಿದೆ. ಇಬ್ಬರೂ ಬಗ್ಗಿ ಹುಡುಕಿದೆವು. ಕೆಂಪು ದಾರ ಬಣ್ಣ ಕಳೆದುಕೊಂಡು ಉಳಿದ ದಾರದ ಹಾಗೇ ಆಗಿದೆ. ಕಾಳು ಪುಡಿಯಾಗಿ ಎಲ್ಲಿ ಹೋಯಿತೋ. ಇನ್ನು ಮಾಸಿದ್ದರ ಗುರುತು ನೋಡೋಣವೆಂದರೆ ಮೂರು ಭಾಗವೂ ಒಂದೇ ಹದಕ್ಕೆ ಸವೆದಿವೆ. ಎಲ್ಲಿಯೂ ಹಸುರಿಲ್ಲ. ನನ್ನ ಭಾಗವನ್ನು ನಾನೂ ಅಷ್ಟೇ ಸವೆಸಿದ್ದೇನೆ ಎಂದು ತಿಳಿದು ಎಷ್ಟು ಸಂತೋಷವಾಯಿತೆಂದರೆ, ಬಂದ ಕೆಲಸವೇ ಮರೆತುಹೋಯಿತು. "ಎಲ್ಲಿ ಬೇಕಾದಲ್ಲಿ ಕೂಡಬೇ, ಈಗ ಯಾರ ಕೇಳ್ತಾರ" ಎಂದು ನೀಲವ್ವ ನಕ್ಕಳು. ಆದರೂ ಕೂರುವಾಗ ಇಬ್ಬರೂ ಒಂದು ಕಡೆಗೆ ಸರಿದೇ ಕೂತೆವು. ಆ ಇನ್ನೊಂದು ತುದಿಯನ್ನು ಖಾಲಿ ಬಿಟ್ಟೆವು.

ಮನೆಗೆ ಬಂದು ಕಪಾಟು ತೆರೆದೆ. ಸೊಸೆಯ ರನ್ನರನ್ನು ತೆಗೆದು, ಒಂದು ಮೂಲೆಯ ಹೊಲಿಗೆ ಚೂರು ಬಿಚ್ಚಿ, ನಾಲ್ಕು ಕಾಳು ಅಕ್ಕಿ ಹಾಕಿ, ವಕ್ರವಕ್ರವಾಗಿ ಹೊಲಿದೆ. ನಮ್ಮ ಮನೆಯಲ್ಲಿ ಈಗ ಮೇಜಿನ ಎದುರೇ ಮಂದಿ ಕೂರುವುದು. ಗೌರವ್ವ ಇದ್ದಿದ್ದರೆ ಬೈದುಕೊಂಡಾದರೂ ಒಪ್ಪುತ್ತಿದ್ದರೋ ಏನೋ. ಸಂಜೆ ಆಫೀಸಿನಿಂದ ಬಂದ ಸೊಸೆ, ನಾನು ಅದನ್ನು ಮೇಜಿನ ಮೇಲೆ ಹಾಸುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅಮ್ಮಾ, ಸಾರು ಚೆಲ್ಲಿದರೆ?"

"ಚೆಲ್ಲಲಿ. ಚೆಲ್ಲದಿದ್ದರೆ ಅದು ಇದ್ದು ಏನು ಉಪಯೋಗ?"

ಅವಳು ಓಡಿಬಂದು ಇನ್ನೊಂದು ತುದಿ ಹಿಡಿದಳು. "ಹಮ್ ತೀನ್ ಹೀ ತೋ ಹೈಂ, ನಾವು ಮೂರೇ ಜನ. ಇಲ್ಲಿ ಸ್ವಲ್ಪ ಮಡಚಿ ಹಾಕ್ತೀನಿ, ನಿಮ್ಮ ಕೈಗೆ ಅಡ್ಡ ಬರಲ್ಲ" ಎಂದಳು.

"ಮಡಚಬೇಡ" ಎಂದೆ. "ಪೂರ್ತಿ ಹಾಸು. ನಿನ್ನ ಫ್ರೆಂಡ್ ಭಾನುವಾರ ಊಟಕ್ಕೆ ಬರ್ತಾಳೆ."

"ನಾನು ಕರೆದೇ ಇಲ್ಲ ಅಮ್ಮಾ!"

"ಕರೆ" ಎಂದೆ.